ಪತ್ರಿಕೆ ತೆಳ್ಳಗಾಯ್ತು, ಇನ್ಫೋಗ್ರಾಫಿಕ್ ಎಲ್ಲಿಗೆ ಹೋಯ್ತು?

ಅಂಕಿ-ಅಂಶಗಳನ್ನು ನಕ್ಷೆ, ಗ್ರಾಫ್, ಚಿತ್ರಗಳ ಮೂಲಕ ಹೇಳುವುದೇ ಇನ್ಫೋಗ್ರಾಫಿಕ್. ಇದು ಕಂಪ್ಯೂಟರ್ ಕಾಲದ ಕೂಸೇನಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡಿನ ಆಮದು-ರಫ್ತನ್ನು ಗೆರೆಗಳಲ್ಲಿ ತೋರಿಸಿದ್ದ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಅನ್ನೋದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ವೃತ್ತಾಕಾರದ ಚಿತ್ರವಾಗಿ ಮುಂದಿಟ್ಟರು. ಅಂದರೆ ಮೊದಲಿನಿಂದಲೂ ಇದು ಬರೀ ಅಲಂಕಾರ ಅಲ್ಲ, ವಾದ.

ದಿನಪತ್ರಿಕೆಗಳಲ್ಲಿ ಇದನ್ನು ನಿತ್ಯದ ಸರಕು ಮಾಡಿದ್ದು 1982ರಲ್ಲಿ ಶುರುವಾದ ಅಮೆರಿಕದ ಯುಎಸ್‌ಎ ಟುಡೇ. ಕಾಗದ ಕೊಡುತ್ತಿದ್ದ ದೊಡ್ಡ ಅನುಕೂಲ ಜಾಗ. 2011ರಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ಮಾರ್ನಿಂಗ್ ಪೋಸ್ಟ್ ಇರಾಕ್ ಯುದ್ಧದ ಸಾವುಗಳನ್ನು ತಲೆಕೆಳಗಾದ ಕೆಂಪು ಗ್ರಾಫ್ ಆಗಿ ಪ್ರಕಟಿಸಿತು. ನೋಡಿದರೆ ಪುಟದ ಮೇಲಿಂದ ರಕ್ತ ಸುರಿದ ಹಾಗೆ. ಯಾರಿಗೂ ಗೊಂದಲವಾಗುವಂತಿರಲಿಲ್ಲ.

ಅದೇ ತಂತ್ರವನ್ನು 2014ರಲ್ಲಿ ರಾಯಿಟರ್ಸ್ ಫ್ಲಾರಿಡಾದ ಬಂದೂಕು ಹತ್ಯೆಗಳ ಗ್ರಾಫಿಗೆ ಬಳಸಿತು. ಅಲ್ಲಿ ಎಡವಟ್ಟಾಯ್ತು. 2005ರಲ್ಲಿ ಆತ್ಮರಕ್ಷಣೆಯ ಹೊಸ ಕಾನೂನು ಬಂದ ಮೇಲೆ ಹತ್ಯೆಗಳು ಏರಿದ್ದವು. ಆದರೆ ಸೊನ್ನೆ ಮೇಲ್ಗಡೆ ಇದ್ದದ್ದರಿಂದ ಗೆರೆ ಕೆಳಗಿಳಿಯಿತು, 'ಕಾನೂನು ಬಂತು, ಸಾವು ಇಳೀತು' ಅಂತಲೇ ಬಹಳಷ್ಟು ಜನ ಓದಿಕೊಂಡರು. ಅಂಕಿಗಳು ಸರಿಯಾಗಿದ್ದವು, ಅರ್ಥ ಉಲ್ಟಾ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕಬಹುದು. ವೆಬ್ ಪುಟವನ್ನೂ ತಿದ್ದಬಹುದು. ಆದರೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಚಿತ್ರದ ಹಿಂದೆ ಯಾವ ತಿದ್ದುಪಡಿ ಓಡುತ್ತೆ ಹೇಳಿ? ನನ್ನ ಪ್ರಕಾರ ಮುದ್ರಣ ಕುಗ್ಗಿದಾಗ ಇನ್ಫೋಗ್ರಾಫಿಕ್ ಕಳೆದುಕೊಂಡದ್ದು ಜಾಗಕ್ಕಿಂತ ಹೆಚ್ಚಾಗಿ ಈ ಹೊಣೆಗಾರಿಕೆಯನ್ನು. ಈಗ ಅದನ್ನು ಮಾಡೋದು ಸುದ್ದಿಮನೆ ಮಾತ್ರ ಅಲ್ಲ. ಪಕ್ಷಗಳ ಐಟಿ ಸೆಲ್, ಸರ್ಕಾರದ ಪ್ರಚಾರ ವಿಭಾಗ, ಯಾರೋ ಅನಾಮಿಕ ಇನ್‌ಸ್ಟಾಗ್ರಾಂ ಪೇಜು, ಎಲ್ಲರೂ ಮಾಡ್ತಾರೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಂತೂ ಕ್ಷಣದಲ್ಲಿ ಚೆಂದದ ಗ್ರಾಫ್ ಕೊಡುತ್ತವೆ. ಕಂಬದ ಎತ್ತರಕ್ಕೂ ಅದರ ಮೇಲಿನ ಸಂಖ್ಯೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ನಮ್ಮ ಚುನಾವಣಾ ನಕ್ಷೆಗಳನ್ನೇ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡ ಕ್ಷೇತ್ರದಲ್ಲಿ ಸುಮಾರು 16 ಲಕ್ಷ ಮತದಾರರಿದ್ದರು, ಬೆಂಗಳೂರು ಉತ್ತರದಲ್ಲಿ ಸುಮಾರು 32 ಲಕ್ಷ. ನಕ್ಷೆಯಲ್ಲಿ ಮಾತ್ರ ಉತ್ತರ ಕನ್ನಡ ಅರ್ಧ ಕರಾವಳಿ ತುಂಬುತ್ತೆ, ಬೆಂಗಳೂರು ಉತ್ತರ ಒಂದು ಚುಕ್ಕಿ. ಬಣ್ಣ ಬಳಿದದ್ದು ನೆಲಕ್ಕೆ, ವೋಟು ಹಾಕಿದ್ದು ಜನ. ಎಲ್ಲ ಕ್ಷೇತ್ರಕ್ಕೂ ಒಂದೇ ಅಳತೆಯ ಚೌಕ ಕೊಡುವ ನಕ್ಷೆಗಳಿವೆ. ಅಷ್ಟು ಚೆನ್ನಾಗಿ ಕಾಣಲ್ಲ, ಆದರೆ ಸೀಟುಗಳ ಲೆಕ್ಕಕ್ಕೆ ಅದೇ ಹತ್ತಿರ.

ಮುಂದಿನ ರೂಪ ಆಗಲೇ ಕಾಣ್ತಿದೆ: ಉದ್ದುದ್ದ, ಫೋನಿಗೆ ಹೊಂದುವಂಥದ್ದು, ಬೆರಳಾಡಿಸಿದಂತೆ ಒಂದೊಂದೇ ಹಂತ ತೆರೆದುಕೊಳ್ಳುವಂಥದ್ದು. ಕ್ಲಿಕ್ ಮಾಡಿ ಆಡುವ ದೊಡ್ಡ ಗ್ರಾಫಿಕ್‌ಗಳನ್ನು ಕಡಿಮೆ ಮಾಡಿದ್ದೇವೆ, ಓದುಗರಿಗೆ ಬೇಕಿರೋದು ಸ್ಕ್ರೋಲ್ ಮಾತ್ರ ಅಂತ ನ್ಯೂಯಾರ್ಕ್ ಟೈಮ್ಸ್‌ನ ಆರ್ಚಿ ತ್ಸೆ 2016ರಲ್ಲೇ ವಿವರಿಸಿದ್ದರು. ಗಟ್ಟಿ ಸುದ್ದಿಮನೆಗಳು ಗ್ರಾಫಿನ ಜೊತೆ ಮೂಲ ದತ್ತಾಂಶದ ಕೊಂಡಿಯನ್ನೂ ಕೊಡುತ್ತವೆ. ಸ್ಕ್ರೀನ್‌ಶಾಟ್ ಹೊಡೆದ ತಕ್ಷಣ ಆ ಕೊಂಡಿ ಕಳಚಿಹೋಗುತ್ತೆ. ಹಾಗಾಗಿ ಮೂಲ, ದಿನಾಂಕ, ಅಳತೆಪಟ್ಟಿ ಮೂರನ್ನೂ ಚಿತ್ರದ ಅಂಚಿನಲ್ಲಲ್ಲ, ಯಾರೂ ಕತ್ತರಿಸಿ ತೆಗೆಯಲಾಗದಂತೆ ನಡುವೆಯೇ ಬರೆಯಬೇಕಾಗಿದೆ.