ರಿಯಲ್ ಎಸ್ಟೇಟ್ ಏಜೆಂಟರಿಗೆ ಬರೆಯುವ ಮಾರಾಟದ ಇಮೇಲ್

ಮನೆ, ನಿವೇಶನ, ಮಳಿಗೆಗಳ ವ್ಯವಹಾರ ಕುದುರಿಸುವ ಏಜೆಂಟರನ್ನೇ ಗಿರಾಕಿಗಳೆಂದು ಎಣಿಸಿ ಕಳುಹಿಸುವ ವಾಣಿಜ್ಯ ಪತ್ರ. ಮನೆಸಾಲ ಕೊಡುವವರು, ಆಸ್ತಿ ಹಕ್ಕಿಗೆ ವಿಮೆ ಮಾಡುವ ಟೈಟಲ್ ಕಂಪನಿಗಳು, ಮನೆಯ ಫೋಟೊ ತೆಗೆಯುವವರು, ಸಾಫ್ಟ್‌ವೇರ್ ಮಾರುವವರು, ಬಿಲ್ಡರ್‌ಗಳು ಇದನ್ನು ಬರೆಯುತ್ತಾರೆ. ಏಜೆಂಟರು ಏಜೆಂಟರಿಗೆ ಬರೆಯುವುದೂ ಉಂಟು. ಇದು ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. 1908ರಲ್ಲಿ ಷಿಕಾಗೊದಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಸಂಘದಲ್ಲಿ ಇಂದು ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅವರಲ್ಲಿ ಬಹುಪಾಲು ಜನ ಸಂಬಳದ ನೌಕರರಲ್ಲ. ಬ್ರೋಕರ್ ಸಂಸ್ಥೆಯೊಂದರ ಹೆಸರಿನಲ್ಲಿ ಸ್ವತಂತ್ರವಾಗಿ ದುಡಿದು, ಮಾರಾಟ ಮುಗಿದಾಗ ಕಮಿಷನ್ ಪಡೆಯುತ್ತಾರೆ; ಕಾರಿನ ಪೆಟ್ರೋಲಿನಿಂದ ಹಿಡಿದು ಜಾಹೀರಾತಿನವರೆಗೆ ಖರ್ಚೆಲ್ಲ ಅವರದೇ. ಹಾಗಾಗಿ ಮಾರುವವರ ಕಣ್ಣಿಗೆ ಒಬ್ಬೊಬ್ಬರೂ ಒಂದೊಂದು ಅಂಗಡಿ. ಅವರ ವಿಳಾಸ ಹುಡುಕಲು ಕಷ್ಟಪಡಬೇಕಿಲ್ಲ, ಜಾಹೀರಾತಿನಲ್ಲಿ ಅವರೇ ಅಚ್ಚು ಹಾಕಿಸಿರುತ್ತಾರೆ. ಅವರ ಇನ್‌ಬಾಕ್ಸ್ ತುಂಬಿ ತುಳುಕುವುದಕ್ಕೂ ಇದೇ ಕಾರಣ.

ಓದುವ ಸ್ಥಿತಿ

ಏಜೆಂಟರು ಮೇಲ್ ನೋಡುವುದು ಹೆಚ್ಚಾಗಿ ಮೊಬೈಲಿನಲ್ಲಿ: ಒಂದು ಮನೆ ತೋರಿಸಿ ಇನ್ನೊಂದಕ್ಕೆ ಹೊರಡುವ ಮುನ್ನ, ಕಾರಿನಲ್ಲಿ ಕುಳಿತು. ಆ ಹೊತ್ತಿನಲ್ಲಿ ಬೆರಳು ಹುಡುಕುವುದು ಬೇರೆಯದನ್ನೇ: ಕೊಳ್ಳುವವರ ಆಫರ್, ಮನೆ ತಪಾಸಣೆಯ ವರದಿ, ಸಾಲ ಮಂಜೂರಾತಿಯ ಸುದ್ದಿ. ಇವಕ್ಕೆಲ್ಲ ಕರಾರಿನಲ್ಲಿ ಗಡುವು ಇರುತ್ತದೆ, ತಪ್ಪಿದರೆ ವ್ಯವಹಾರ ಮುರಿದುಬೀಳಬಹುದು. ಇವುಗಳ ನಡುವೆ ನುಸುಳಿದ ಮಾರಾಟದ ಮೇಲ್‌ಗೆ ಸಿಗುವುದು ಒಂದೆರಡು ಕ್ಷಣ ಮಾತ್ರ. ಆಗ ಕಾಣುವುದು ಮೂರೇ ಸಂಗತಿ: ಕಳುಹಿಸಿದವರ ಹೆಸರು, ವಿಷಯದ ಸಾಲಿನ ಮೊದಲ ಮೂವತ್ತು ನಲವತ್ತು ಅಕ್ಷರ, ಅದರ ಕೆಳಗೆ ಮಸುಕಾಗಿ ಇಣುಕುವ ಮುನ್ನೋಟದ ಸಾಲು. ಮೂರನೆಯದನ್ನು ಬರೆಯುವವರೇ ಮರೆತುಬಿಡುತ್ತಾರೆ. ಮರೆತರೆ ಅಲ್ಲಿ ಬಂದು ಕೂರುವುದು ‘ಚಿತ್ರಗಳು ಕಾಣದಿದ್ದರೆ ಇಲ್ಲಿ ಒತ್ತಿ’ ಎಂಬ ಸಾಲು. ಇರುವ ಮೂರು ಅವಕಾಶಗಳಲ್ಲಿ ಒಂದನ್ನು ಹೀಗೆ ಕಳೆದುಕೊಂಡ ಮೇಲ್‌ಗಳಿಗೆ ಲೆಕ್ಕವಿಲ್ಲ.

ಅವಸರದ ಜೊತೆಗೆ ಭಯವೂ ಇದೆ. ಮನೆ ಖರೀದಿಯ ಕೊನೆಯ ಹಂತದಲ್ಲಿ, ಟೈಟಲ್ ಕಂಪನಿಯ ಹೆಸರಿನಲ್ಲೇ ‘ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಕಳುಹಿಸಿ’ ಎಂದು ಸುಳ್ಳು ಮೇಲ್ ಬಂದು, ಕೊಳ್ಳುವವರ ಉಳಿತಾಯವೆಲ್ಲ ಕಳ್ಳರ ಪಾಲಾಗುವ ವಂಚನೆ ಅಮೆರಿಕದಲ್ಲಿ ಸಾಮಾನ್ಯ. ಎಫ್‌ಬಿಐ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ಆದ್ದರಿಂದ ‘ತುರ್ತು’, ‘ಕೂಡಲೇ ಕ್ಲಿಕ್ ಮಾಡಿ’, ಅಪರಿಚಿತ ಅಟ್ಯಾಚ್‌ಮೆಂಟ್ ಇವನ್ನು ಕಂಡರೆ ಏಜೆಂಟರು ಹಿಂದೆ ಸರಿಯುತ್ತಾರೆ. ಬೇರೆ ಗಿರಾಕಿಗಳ ಮೇಲೆ ಒಂದಿಷ್ಟು ಕೆಲಸ ಮಾಡಬಹುದಾದ ಅವಸರದ ಭಾಷೆ ಇಲ್ಲಿ ಬರೆದವರಿಗೇ ತಿರುಗುಬಾಣ.

ವಿಷಯದ ಸಾಲು

ನಮ್ಮ ಕಚೇರಿ ಪತ್ರಗಳಲ್ಲಿ ‘ವಿಷಯ:’ ಎಂದು ಬರೆದು, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಖಾತೆ ಬದಲಾವಣೆ ಕುರಿತು ಎಂದು ಒಂದೇ ಉಸಿರಿಗೆ ಹೇಳಿಬಿಡುವ ಒಣ ಸಾಲಿದೆಯಲ್ಲ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ‘ನಿಮ್ಮ ವ್ಯವಹಾರ ಹತ್ತುಪಟ್ಟು ಬೆಳೆಯಲಿ!’ ಎಂಬ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ, ಆದ್ದರಿಂದ ಯಾರದೂ ಅಲ್ಲ. ಅದೇ ‘ಗುರುವಾರ 11ರಿಂದ 1: ಕೆರೆ ಪಕ್ಕದ 3 ಬೆಡ್‌ರೂಮ್ ಮನೆ, ಊಟ ಇದೆ’ ಎಂಬುದರಲ್ಲಿ ದಿನ, ವೇಳೆ, ಜಾಗ, ಅಳತೆ ಎಲ್ಲ ಇವೆ. ಊಟದ ಮಾತು ತಮಾಷೆಯಲ್ಲ. ಹೊಸದಾಗಿ ಮಾರಾಟಕ್ಕೆ ಬಂದ ಮನೆಯನ್ನು ಮೊದಲು ಏಜೆಂಟರಿಗಷ್ಟೇ ತೋರಿಸುವ ‘ಬ್ರೋಕರ್ಸ್ ಓಪನ್’ ಎಂಬ ಪದ್ಧತಿ ಅಮೆರಿಕದಲ್ಲಿದೆ. ವಾರದ ನಡುವಿನ ದಿನ ನಡೆಯುವ ಈ ಭೇಟಿಗೆ ಊಟ, ತಿಂಡಿ ಇಡುವುದು ರೂಢಿ. ಏನು ಬಡಿಸುತ್ತಾರೆಂದು ತಿಳಿಸಿದ ಆಹ್ವಾನಕ್ಕೆ ಜನ ಹೆಚ್ಚು ಸೇರುತ್ತಾರೆಂಬ ಮಾತು ಅಲ್ಲಿನವರ ಬಾಯಲ್ಲಿದೆ, ನಂಬದಿರಲು ಕಾರಣವಿಲ್ಲ.

ಹಿಂದೆ ಮಾತುಕತೆಯೇ ನಡೆದಿಲ್ಲದಿದ್ದರೂ ಸಾಲಿನ ಮುಂದೆ ‘ರೀ:’ ಸೇರಿಸಿ ಉತ್ತರದ ವೇಷ ಹಾಕುವ ಹಳೆಯ ಉಪಾಯ ಒಮ್ಮೆ ಫಲಿಸಬಹುದು. ಆದರೆ ಮೋಸ ಹೋದವರು ಆ ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ. ಬರೆಯುವವರು ವಿಷಯದ ಸಾಲಿಗಾಗಿ ತಲೆ ಕೆಡಿಸಿಕೊಳ್ಳುವಷ್ಟು ಈ ನೆನಪಿನ ಬಗ್ಗೆ ಯೋಚಿಸುವುದಿಲ್ಲ. ನಿಜಕ್ಕೂ ಮೇಲ್ ತೆರೆಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಅದೇ ಹೆಸರಿನಿಂದ ಬಂದ ಹಿಂದಿನ ಮೇಲ್‌ಗಳು. ತಿಂಗಳಿಗೊಮ್ಮೆ ಏಜೆಂಟರ ಪಿನ್‌ಕೋಡಿನಲ್ಲಿ ಎಷ್ಟು ಮನೆ ಮಾರಾಟವಾದವು, ಎಷ್ಟಕ್ಕೆ ಹೋದವು ಎಂಬ ಪಟ್ಟಿಯನ್ನು ಬಡಾಯಿಯಿಲ್ಲದೆ ಕಳುಹಿಸುವ ಸಾಲದ ಅಧಿಕಾರಿಯ ಮೇಲ್ ಸಪ್ಪೆ ತಲೆಬರಹವಿದ್ದರೂ ತೆರೆದುಕೊಳ್ಳುತ್ತದೆ. ಏಜೆಂಟರು ಆ ಪಟ್ಟಿಯನ್ನು ತಮ್ಮ ಗಿರಾಕಿಗಳಿಗೆ ತೋರಿಸಬಹುದು ಎಂಬುದೇ ಅದರ ಬೆಲೆ.

ಕಾನೂನು ಮತ್ತು ಸೋಸುಯಂತ್ರ

ಕೇಳದವರಿಗೆ ಒಟ್ಟಾಗಿ ಮಾರಾಟದ ಮೇಲ್ ಕಳುಹಿಸಿದ ಮೊದಲಿಗರೆಂದು ಹೆಸರಾದವರು ಡಿಇಸಿ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್. 1978ರ ಮೇನಲ್ಲಿ ಅರ್ಪಾನೆಟ್ ಮೂಲಕ ಸುಮಾರು 400 ಜನರಿಗೆ ಅದು ಹೋಯಿತು. ಅಮೆರಿಕ ಇದಕ್ಕೆ ರಾಷ್ಟ್ರಮಟ್ಟದ ಕಾನೂನು ತಂದದ್ದು 25 ವರ್ಷದ ನಂತರ, 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆಯ ರೂಪದಲ್ಲಿ. ದಾರಿ ತಪ್ಪಿಸುವ ವಿಷಯದ ಸಾಲು ಅದರ ಪ್ರಕಾರ ನಿಷಿದ್ಧ. ಕಳುಹಿಸುವವರ ಅಂಚೆ ವಿಳಾಸ ಇರಬೇಕು, ಬೇಡವೆನ್ನಲು ದಾರಿ ಇರಬೇಕು, ಬೇಡವೆಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗುವ ಮೇಲ್‌ಗೂ ವಿನಾಯಿತಿ ಇಲ್ಲ. 2014ರಲ್ಲಿ ಜಾರಿಗೆ ಬಂದ ಕೆನಡಾದ ಕಾನೂನು ಇನ್ನೂ ಬಿಗಿ. ಅಲ್ಲಿ ಮೊದಲೇ ಒಪ್ಪಿಗೆ ಬೇಕು.

ಕಾನೂನಿಗಿಂತ ಬೇಗ ಕೈ ಮಾಡುವುದು ಜಿಮೇಲ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳುಹಿಸುವವರಿಗೆ ಹೊಸ ಷರತ್ತು ಹಾಕಿವೆ. ಗೂಗಲ್ ಲೆಕ್ಕದಲ್ಲಿ ದೊಡ್ಡ ಪ್ರಮಾಣವೆಂದರೆ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000. ಅಂಥವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವಿಧದ ಗುರುತು ತೋರಿಸಬೇಕು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬೀಳುವ ವ್ಯವಸ್ಥೆ ಇಡಬೇಕು. ‘ಸ್ಪ್ಯಾಮ್’ ಎಂದು ದೂರುವವರ ಪ್ರಮಾಣ ಶೇ. 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಹಣ ಕೊಟ್ಟು ತಂದ ಏಜೆಂಟರ ಪಟ್ಟಿಗೆ ಒಂದೇ ಏಟಿಗೆ ಮೇಲ್ ಬಿಡುವವರಿಗೆ ಈ ಗೆರೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ದಾಟಿದ ಮೇಲೆ, ಬೇಕೆಂದು ಕೇಳಿ ಹೆಸರು ಕೊಟ್ಟವರಿಗೂ ಅವರ ಮೇಲ್ ಕಸದ ಡಬ್ಬಿಯಲ್ಲೇ ಸಿಗುತ್ತದೆ.

ಎಣಿಕೆಯ ತೊಡಕು

ಎಷ್ಟು ಜನ ತೆರೆದರು ಎಂಬುದನ್ನು ಮೇಲ್‌ನೊಳಗೆ ಅಡಗಿಸಿದ ಕಣ್ಣಿಗೆ ಕಾಣದಷ್ಟು ಪುಟ್ಟ ಚಿತ್ರದಿಂದ ಎಣಿಸುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಗೋಪ್ಯತೆಯ ಸೌಲಭ್ಯ, ಓದುಗರು ಮುಟ್ಟದ ಮೇಲ್‌ನ ಚಿತ್ರಗಳನ್ನೂ ತಾನೇ ಇಳಿಸಿಕೊಳ್ಳುತ್ತದೆ. ಅಂದಿನಿಂದ ತೆರೆಯದ ಮೇಲ್ ಕೂಡ ತೆರೆದಂತೆ ಲೆಕ್ಕಕ್ಕೆ ಬರುತ್ತಿದೆ. ಐಫೋನ್ ಹಿಡಿದ ಏಜೆಂಟರೇ ತುಂಬಿದ ಪಟ್ಟಿಯಲ್ಲಿ ಈ ಸಂಖ್ಯೆಗೆ ಅರ್ಥ ಉಳಿದಿಲ್ಲ. ಹತ್ತು ಏಜೆಂಟರು ಬರೆದ ಮರುತ್ತರ ಅದಕ್ಕಿಂತ ಮೇಲು.

2024ರ ಬದಲಾವಣೆ

ರಿಯಲ್ಟರುಗಳ ಸಂಘ ಏಜೆಂಟರ ಕಮಿಷನ್ ಕುರಿತ ಮೊಕದ್ದಮೆಯಲ್ಲಿ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾದ ಮೇಲೆ, 2024ರ ಆಗಸ್ಟ್ 17ರಿಂದ ಎಂಎಲ್ಎಸ್ ಎಂಬ ಹಂಚಿಕೆಯ ಪಟ್ಟಿಯಲ್ಲಿ ಕೊಳ್ಳುವವರ ಏಜೆಂಟರಿಗೆ ಎಷ್ಟು ಕಮಿಷನ್ ಎಂದು ಬರೆಯುವಂತಿಲ್ಲ. ಆ ಮಾತುಕತೆ ಪಟ್ಟಿಯ ಹೊರಗೆ, ಫೋನು ಮೇಲ್‌ಗಳಲ್ಲಿ ನಡೆಯಬೇಕು. ಏಜೆಂಟರು ಏಜೆಂಟರಿಗೆ ಬರೆಯುವ ಮೇಲ್‌ಗೆ ಇದರಿಂದ ತೂಕ ಬಂದಿದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಹೆಚ್ಚಾಗಿ ವಾಟ್ಸ್ಆ್ಯಪ್ ಮಾಡುತ್ತದೆ. ಆದರೂ ಬಿಲ್ಡರ್‌ಗಳು ‘ಚಾನೆಲ್ ಪಾರ್ಟ್‌ನರ್’ ಎಂದು ಕರೆಯುವ ಏಜೆಂಟರಿಗೆ ಬೆಲೆಪಟ್ಟಿ, ನಕ್ಷೆ, ಕಮಿಷನ್ ವಿವರ ಹೋಗುವುದು ಮೇಲ್‌ನಲ್ಲೂ ಹೌದು. ಇಲ್ಲಿ ವಿಷಯದ ಸಾಲಿಗಿಂತ ಮೊದಲು ನೋಡಬೇಕಾದದ್ದು ರೇರಾ ನೋಂದಣಿ ಸಂಖ್ಯೆ. ರೇರಾ ಎಂದೇ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯಿದೆಯ 3ನೇ ಪ್ರಕರಣದಂತೆ, 500 ಚದರ ಮೀಟರ್ ಮೀರಿದ ಜಾಗ ಮತ್ತು ಎಂಟಕ್ಕಿಂತ ಹೆಚ್ಚು ಮನೆಗಳಿರುವ ಹೊಸ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಮಾಡುವಂತಿಲ್ಲ. ಹಾಗಾಗಿ ‘ಪ್ರೀ-ಲಾಂಚ್ ಬೆಲೆ, ಈ ವಾರ ಮಾತ್ರ’ ಎಂದು ಸಂಖ್ಯೆಯಿಲ್ಲದೆ ಬರುವ ಮೇಲ್ ಎಷ್ಟು ಚೆನ್ನಾಗಿ ಬರೆದಿದ್ದರೂ ಏಜೆಂಟರಿಗೆ ಅಪಾಯದ ಕಾಗದ. ಅಂಥ ಯೋಜನೆಯ ಮಾರಾಟ ಮಾಡಿಸಿದವರಿಗೆ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿಯಂತೆ, ಆ ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು.