ಬಾಣಂತಿಯ ದೆವ್ವ: ಜತ್ತದಲ್ಲಿ, ಜಪಾನದಲ್ಲಿ

ಜತ್ತದ ಇತಿಹಾಸವನ್ನು ಬರೆಯಲು ಕುಳಿತರೆ ಡಫಳೆ ಮನೆತನದ ಜಹಗೀರು, 1948ರ ವಿಲೀನ, 1956ರ ರಾಜ್ಯ ಪುನರ್ವಿಂಗಡಣೆ ಇವುಗಳಿಂದಲೇ ಆರಂಭಿಸುವುದು ನಮ್ಮೆಲ್ಲರ ರೂಢಿ. ಹೊತ್ತು ಮುಳುಗಿದ ಮೇಲೆ ನಮ್ಮ ಹಿರಿಯರು ಅಂಜುತ್ತಿದ್ದ ದೆವ್ವಗಳಿಗೆ ಅದರಲ್ಲಿ ಎಡೆಯಿಲ್ಲ. ಆದರೂ ಸನದುಗಳಲ್ಲಿ ದಾಖಲಾಗದ ಮರಣಗಳ ನೆನಪನ್ನು ಉಳಿಸಿಕೊಂಡು ಬಂದವು ಅವೇ ಎಂದು ನಮಗೆ ತೋರುತ್ತದೆ.

ಹೆರಿಗೆಯಲ್ಲಿ ಮಡಿದವಳು ದೆವ್ವವಾಗುವಳೆಂಬ ನಂಬಿಕೆ ಈ ಗಡಿಯ ಎರಡೂ ಮಗ್ಗುಲಿಗೆ ಉಂಟು. ಮರಾಠಿಯಲ್ಲಿ ಅವಳು ‘ಹಡಳ’. ಕನ್ನಡದ ಮನೆಗಳಲ್ಲಿ ‘ಗಾಳಿ ಸೋಕಿತು’ ಎಂದಷ್ಟೇ ಹೇಳಿ ಬಾಣಂತಿಯ ತಲೆದಿಂಬಿನಡಿ ಕುಡುಗೋಲು ಇಡುತ್ತಿದ್ದರು. ಐದನೆಯ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುವಳೆಂದು ಜಾಗರ; ಮರಾಠಿಗರಿಗೆ ಅವಳೇ ಸಟವಾಯಿ.

ದೂರದ ಜಪಾನದಲ್ಲಿಯೂ ಇಂಥವಳೊಬ್ಬಳಿದ್ದಾಳೆ. ಅವಳ ಹೆಸರು ಉಬುಮೆ. ಚಿತ್ರಕಾರ ತೊರಿಯಾಮಾ ಸೆಕಿಯೆನ್ 1776ರಲ್ಲಿ ಪ್ರಕಟಿಸಿದ ಪಿಶಾಚಿಗಳ ಚಿತ್ರಸಂಪುಟದಲ್ಲಿ ಅವಳೂ ಸೇರಿದ್ದಾಳೆ. ಕತ್ತಲಲ್ಲಿ ಕೂಸನ್ನೆತ್ತಿಕೊಂಡು ನಿಂತು, ದಾರಿಹೋಕನಿಗೆ ‘ತುಸು ಹಿಡಿದುಕೊಳ್ಳಿ’ ಎಂದು ಬೇಡುತ್ತಾಳೆ. ಹಿಡಿದವನ ಕೈಯಲ್ಲಿ ಕೂಸು ಕಲ್ಲಿನಂತೆ ಭಾರವಾಗುತ್ತ ಹೋಗುತ್ತದೆ. ಭಾರವನ್ನು ತಾಳಿದವನಿಗೆ ಅಸಾಧಾರಣ ಬಲ ಬರುವುದೆಂದು ಕೆಲವು ಕಥೆಗಳು ಹೇಳುತ್ತವೆ. ನಾವು ಕುಡುಗೋಲು ತೋರಿಸಿ ಅಟ್ಟಿದವಳನ್ನು ಅವರು ಕನಿಕರದಿಂದ ಕಂಡರೆನ್ನಬೇಕು.

ಈ ಕುಡುಗೋಲಿನ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದೆ ಹಳ್ಳಿಗಳಲ್ಲಿ ಹೊಕ್ಕುಳಬಳ್ಳಿಯನ್ನು ಕೊಯ್ಯುತ್ತಿದ್ದುದೂ ಅನೇಕ ವೇಳೆ ಕುಡುಗೋಲಿನಿಂದಲೇ. ಮಣ್ಣು ಸಗಣಿ ತಾಗಿದ ಆ ಕಬ್ಬಿಣದಿಂದ ಕೂಸಿಗೆ ಧನುರ್ವಾಯು ತಗಲುತ್ತಿತ್ತು. ಆ ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೂರರಿಂದ ಹದಿನಾಲ್ಕು ದಿನಗಳೊಳಗೆ. ಶೆಟಿಗೆವ್ವನ ರಾತ್ರಿಯೂ ಆ ಅವಧಿಯೊಳಗೇ ಬರುತ್ತದೆ. ಕೂಸು ಬಿಲ್ಲಿನಂತೆ ಸೆಟೆದು ಮೊಲೆ ಬಿಟ್ಟಾಗ ಮನೆಯವರು ಗಾಳಿಯೆಂದರು. ವೈದ್ಯರಿಟ್ಟ ಹೆಸರಿನಲ್ಲಿಯೂ ‘ವಾಯು’ವೇ ಇದೆ. ತಾಯಿಗೆ ನಂಜೇರಿ ಜ್ವರದಲ್ಲಿ ಬಡಬಡಿಸಿದರೆ ಅದು ಬಾಣಂತಿ ಸನ್ನಿ. ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ, ಕೈತೊಳೆದು ಹೆರಿಗೆ ಮಾಡಿಸಿದರೆ ಈ ಮರಣಗಳು ಇಳಿಯುವುದನ್ನು 1847ರಲ್ಲಿಯೇ ತೋರಿಸಿದ್ದನು. ಆ ಮಾತು ನಮ್ಮ ಹಳ್ಳಿಯ ಬಾಣಂತಿ ಕೋಣೆಯನ್ನು ತಲುಪಲು ಎಷ್ಟು ತಲೆಮಾರು ಹಿಡಿಯಿತೆಂಬುದನ್ನು ಯಾವ ದಫ್ತರವೂ ಹೇಳದು.

ಜಪಾನದ ಯಾನಗಿತಾ ಕುನಿಯೊ, ತೋನೊ ಎಂಬ ಪ್ರದೇಶದ ಇಂಥ 119 ಪ್ರಸಂಗಗಳನ್ನು ಅಲ್ಲಿಯವನೊಬ್ಬನ ಬಾಯಿಂದ ಕೇಳಿ ಬರೆದು, 1910ರಲ್ಲಿ ಕೇವಲ 350 ಪ್ರತಿ ಅಚ್ಚು ಹಾಕಿಸಿದರು. ಅಲ್ಲಿಯ ಜಾನಪದ ಅಧ್ಯಯನಕ್ಕೆ ಅದು ಮೂಲಗ್ರಂಥವಾಯಿತು. ಉಮದಿ, ಸಂಖ, ಬಿಳೂರು, ಗುಡ್ಡಾಪುರಗಳ ಕಡೆಯ ಹಿರಿಯ ಸೂಲಗಿತ್ತಿಯರ ಬಳಿ ಕುಳಿತು ನಾವೂ ಬರೆದುಕೊಳ್ಳಬೇಕು. ದೆವ್ವದ ಹೆಸರಿನೊಡನೆ, ಹೊಕ್ಕುಳಬಳ್ಳಿಯನ್ನು ಯಾವುದರಿಂದ ಕೊಯ್ಯುತ್ತಿದ್ದರೆಂಬುದನ್ನೂ ಕೇಳಬೇಕು.