ಮಾರಬಾರ್ ಗುಹೆಯ ರಹಸ್ಯ

ಬಿಡದಿಗೆ ಬಂದ ಮಿತ್ರರು ರಾಮನಗರದ ದಾರಿ ಹಿಡಿದರೆಂದರೆ ೧೯೭೫ನೆಯ ಇಸವಿಯ ‘ಶೋಲೆ’ಯ ಮಾತು ಬರುವುದು ಸಹಜವೇ. ಆದರೆ ಅವರಿಗೆ ಒತ್ತಿ ಹೇಳತಕ್ಕ ಚಿತ್ರ ಬೇರೊಂದುಂಟು. ಅದು ಡೇವಿಡ್ ಲೀನನು ೧೯೮೪ರಲ್ಲಿ ತೆರೆಗೆ ತಂದ ‘ಎ ಪ್ಯಾಸೇಜ್ ಟು ಇಂಡಿಯಾ’. ಇ. ಎಂ. ಫಾರ್ಸ್ಟರನ ಮೂಲ ಕಾದಂಬರಿ ೧೯೨೪ರದು. ಅದರಲ್ಲಿ ಬರುವ ಮಾರಬಾರ್ ಗುಹೆಗಳಿಗೆ ಮಾದರಿಯಾದುವು ಗಯೆಯ ಸಮೀಪದಲ್ಲಿ ಮೌರ್ಯರ ಕಾಲದಲ್ಲಿ ಕೊರೆದ ಬರಾಬರ್ ಗುಹೆಗಳು. ಲೀನನು ಅವನ್ನು ಕಣ್ಣಾರೆ ಕಂಡನು, ಮನಸ್ಸಿಗೆ ಹಿಡಿಸಲಿಲ್ಲ. ಕಡೆಗೆ ಸಾವನದುರ್ಗ, ರಾಮದೇವರ ಬೆಟ್ಟಗಳ ಹೆಬ್ಬಂಡೆಗಳನ್ನು ಆರಿಸಿಕೊಂಡು, ಇಲ್ಲದ ಗುಹೆಗಳಿಗೆ ಬಾಯಿಗಳನ್ನು ಕೊರೆಯಿಸಿದನು!

ಅಂತಹ ಒಂದು ಗುಹೆಯನ್ನು ಆಡೆಲಾ ಎಂಬ ಆಂಗ್ಲ ತರುಣಿ ಹೊಕ್ಕಳು, ಭಯಭ್ರಾಂತಳಾಗಿ ಕೆಳಗೋಡಿದಳು. ಅಪವಾದ ಬಿದ್ದುದು ವೈದ್ಯನಾದ ಅಜೀಜನ ಮೇಲೆ. ಆಳುವವರ ನ್ಯಾಯಾಲಯದಲ್ಲಿ ಆಳಿಸಿಕೊಳ್ಳುವವನೊಬ್ಬನ ಮಾನವೇ ಪಣಕ್ಕೆ ಬಿದ್ದಿತು. ಮುಂದಿನದನ್ನು ಹೇಳಿಬಿಟ್ಟರೆ ನೋಡುವವರಿಗೆ ದ್ರೋಹ ಬಗೆದಂತೆ.

ಪತ್ತೇದಾರಿ ಕಥೆಗಳ ಗಂಟು ಕೊನೆಯ ಪುಟದಲ್ಲಿ ಬಿಚ್ಚುವುದು ವಾಡಿಕೆ. ಗುಹೆಯೊಳಗೆ ನಡೆದುದೇನೆಂಬುದನ್ನು ಫಾರ್ಸ್ಟರನು ಹೇಳಲೇ ಇಲ್ಲ. ಲೀನನು ಸುಳಿವುಗಳನ್ನು ತುಸು ಧಾರಾಳವಾಗಿಯೇ ಕೊಟ್ಟನು, ಅದೊಂದು ಕುಂದೆನ್ನಬೇಕು. ಆದರೆ ಗುಹೆಯ ಪ್ರತಿಧ್ವನಿಗೆ ಎದೆಗುಂದುವ ವೃದ್ಧೆ ಮಿಸೆಸ್ ಮೂರಳ ಪಾತ್ರದಲ್ಲಿ ಕುಂದೇನೂ ಕಾಣದು. ಆ ಪಾತ್ರಕ್ಕಾಗಿ ನಟಿ ಪೆಗ್ಗಿ ಆಷ್‌ಕ್ರಾಫ್ಟ್‌ಗೆ ಆಸ್ಕರ್ ಬಹುಮಾನ ಸಂದಿತು.